ಬಿಳಿಗೆ ಯಾವ ಬಣ್ಣ

ಹೋದ ವರ್ಷದವರೆಗೂ ಡಿ ಅಂದರೆ ಡಾಗ್, ಡಿ ಅಂದರೆ ಡ್ರಮ್.
ಈ ಜೂನಿಗೆ ಬಂದ ಹೊಸ ಪುಸ್ತಕದಲ್ಲಿ ಡೇಸಿ:
ನಡುವೆ ಒಂದು ಬೊಟ್ಟು, ಸುತ್ತ ಹದಿನಾರು ಎಸಳು,
ಎರಡು ಕಣ್ಣು, ಒಂದು ನಗು.
ಪುಸ್ತಕದ ಹೂಗಳಿಗೆಲ್ಲ ಯಾಕೋ ಬಾಯಿರುತ್ತದೆ,
ಮಾತು ಇರುವುದಿಲ್ಲ.

"ಇದು ಎಲ್ಲಿ ಬಿಡುತ್ತೆ ಮಿಸ್?" ಇರ್ಫಾನನ ಪ್ರಶ್ನೆ.
ಹದಿನೇಳು ವರ್ಷದ ಸರ್ವೀಸು,
ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ.
"ಸೇವಂತಿಗೆಯ ದೊಡ್ಡಮ್ಮನ ಮಗಳು ಕಣೋ" ಅಂದುಬಿಟ್ಟೆ.
"ಮತ್ತೆ ಯಾವ ಮದುವೇಲೂ ಕಾಣ್ಲಿಲ್ಲ?" ಅಂದ.

ಮರುದಿನ ಪ್ರಾರ್ಥನೆಗೆ ಮುಂಚೆಯೇ ನನ್ನ ಮೇಜಿನ ಮೇಲೆ
ಒಂದು ಹಿಡಿ ಡೇಸಿ.
ಭದ್ರಾವತಿಯ ಪೇಪರ್ ಟೌನಿನಲ್ಲಿ
ಹೊಗೆ ಮರೆತ ಚಿಮಣಿಯ ಕೆಳಗೆ,
ಕ್ವಾರ್ಟರ್ಸಿನ ಮುರಿದ ಕಾಂಪೌಂಡಿನ ಉದ್ದಕ್ಕೂ
ಯಾರೂ ಬಿತ್ತದೆ ಬೆಳೆಯುವ ಗಬ್ಬುಶಾವಂತಿ.
ಮಂಡಿ ತರಚಿದರೆ ಇದರ ಸೊಪ್ಪು,
ಸ್ಲೇಟು ಒರೆಸಲೂ ಇದರದೇ ಸೊಪ್ಪು;
ಹೂವನ್ನು ನಾನು ನಿಂತು ನೋಡಿದ್ದು ಅಂದೇ.
ಸೆಲ್ವಿ ಅದಕ್ಕೆ ತಾತಾಪೂ ಅನ್ನುತ್ತಾಳೆ.
ಉದ್ದ ತೊಟ್ಟಿಗೆ ಹೆಬ್ಬೆರಳು ಕೊಟ್ಟು
ಟಪ್ ಅಂತ ತಾತನ ತಲೆ ಹಾರಿಸುವುದು ಅವರ ಆಟ.
ಯಾರ ತಾತ ದೂರ ಬಿದ್ದನೋ ಅವರು ಗೆದ್ದರು.

ಪುಸ್ತಕದಲ್ಲಿ ಬೇರೆ ಆಟ. ಚಟುವಟಿಕೆ ಮೂರು:
ಎಸಳು ಕೀಳುತ್ತ ಹೇಳಿರಿ, ಇಷ್ಟ, ಇಷ್ಟವಿಲ್ಲ.
ಯಾರಿಗೆ ಯಾರು ಎಂದು ಪುಸ್ತಕ ಹೇಳಿಲ್ಲ.
ಹಿಂದಿನ ಬೆಂಚು ಬಾಯಿಗೆ ಕೈ ಇಟ್ಟು ಕಿಸಕ್ಕೆಂದಿತು,
ಮುಂದಿನ ಬೆಂಚು ತಿದ್ದಿಕೊಂಡಿತು: ನಾಳೆ ರಜೆ, ರಜೆಯಿಲ್ಲ.
ಹತ್ತೇ ನಿಮಿಷ, ಲೋಹಿತ ಗುಟ್ಟು ಹಿಡಿದ.
ತಾತಾಪೂಗೆ ಐದೇ ಎಸಳು;
ಯಾವುದರಿಂದ ಶುರು ಮಾಡಿದರೆ ಅದರಲ್ಲೇ ಮುಗಿಯುತ್ತೆ.
ಕೇಳಿದವರ ಮುಖ ನೋಡಿ ಕಣಿ ಹೇಳುವ ಹೂ.
ಅಂದು ರಜೆಯೋ ರಜೆ, ಹದಿಮೂರು ಹೂವಿನಷ್ಟು ರಜೆ.
ಪುಸ್ತಕದ ಹೂವಿಗೆ ಹದಿನಾರು.
ಅದನ್ನು ಯಾರೂ ಎಣಿಸಲಿಲ್ಲ.

ಸೆಲ್ವಿ ಕಿಟಕಿ ಕಡೆ ತಿರುಗಿ ಕೂತು ಬೇರೆಯೇ ಕೇಳುತ್ತಿದ್ದಳು:
ಮಿಲ್ ತೆಗೀತಾರೆ. ತೆಗೆಯಲ್ಲ. ತೆಗೀತಾರೆ.
ಐದಕ್ಕೆ ಐದೂ ಹೂ ತೆಗೀತಾರೆ ಅಂದವು.
ಆರನೆಯದಕ್ಕೆ ನಾಲ್ಕೇ ಎಸಳು,
ಒಂದು ಇರುವೆಯ ಪಾಲೋ, ಹುಟ್ಟಿನಿಂದಲೋ.
ನೋಡಿದಳು. ಕೀಳದೆ
ಡಬ್ಬಿಯೊಳಗೆ ರಬ್ಬರಿನ ಪಕ್ಕ ಮಲಗಿಸಿದಳು.
ಗಣಿತವೂ ನಾನೇ ಕಲಿಸುವುದು. ಸುಮ್ಮನಿದ್ದೆ.

ಕೊನೆಯ ಪಿರಿಯಡ್ಡು ಬಣ್ಣ.
ಹನ್ನೆರಡು ಕ್ರೇಯಾನಿನ ಪೆಟ್ಟಿಗೆಯಲ್ಲಿ ಕೆಂಪು ಮೋಟು, ಹಸಿರು ಚೂರು,
ಅಂಗಿ ಬಿಚ್ಚದ ಬಿಳಿಯೊಂದು
ಅಂಗಡಿಯಿಂದ ಬಂದ ಹಾಗೇ ಉದ್ದ.
"ಎಸಳಿಗೆ ಯಾವ ಬಣ್ಣ ಮಿಸ್?"
"ಬಿಳಿ."
"ಹಾಳೆ ಆಗ್ಲೇ ಬಿಳಿ ಇದ್ಯಲ್ಲ?"
"ಹಾಗಾದ್ರೆ ಬಿಟ್ಟುಬಿಡಿ."
ಬಿಟ್ಟುಬಿಡುವುದನ್ನು ಬಣ್ಣ ಎಂದು ಒಪ್ಪಲು ಯಾರೂ ತಯಾರಿಲ್ಲ.
ಇರ್ಫಾನನ ಡೇಸಿ ನೇರಳೆಯಾಯಿತು,
ಲೋಹಿತನದು ಆರ್‌ಸಿಬಿ ಕೆಂಪು.
ಸೆಲ್ವಿ ಹಾಳೆಯನ್ನು ಹಾಗೇ ಮನೆಗೊಯ್ದಳು.

ಸೋಮವಾರ ತಂದಳು.
ಸುತ್ತಲ ಜಾಗವೆಲ್ಲ ಕಡು ನೀಲಿ,
ಕಡ್ಡಿ ಮುಗಿಯುವವರೆಗೆ ತಿಕ್ಕಿದ ನೀಲಿ,
ನಡುವೆ ಮುಟ್ಟದೆ ಬಿಟ್ಟ ಎಸಳು ಉರಿಯುತ್ತಿದ್ದವು.
"ತಾತ ಹಾಳೆ ಬೆಳಕಿಗೆ ಹಿಡಿದು ನೋಡ್ತು ಮಿಸ್,
ಹೆಬ್ಬೆರಳಲ್ಲಿ ಸವರಿ, ಇದು ನಮ್ದಲ್ಲ ಅಂತು.
ಆಮೇಲೆ ಹೇಳ್ತು,
ಬಿಳಿ ಅಂದ್ರೆ ಖಾಲಿ ಅಲ್ವಂತೆ.
ಬಿದಿರು ಕಂದು, ನೀಲಗಿರಿ ಕಂದು,
ಬೇಯ್ಸಿ, ತೊಳ್ದು, ಮತ್ತೆ ಬೇಯ್ಸಿ, ಮತ್ತೆ ತೊಳ್ದು,
ಮೂರು ಶಿಫ್ಟು ಕಣ್ಣುರಿಸ್ಕೊಂಡು
ಅವ್ರೇ ಹಚ್ತಿದ್ರಂತೆ."

ನಾನು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ
ಹಾಳೆಯನ್ನು ಕಿಟಕಿಗೆ ಹಿಡಿದೆ.
ಹೂವಿನ ಬಾಯಿಯನ್ನು ಅವಳು ರಬ್ಬರಿನಲ್ಲಿ ಉಜ್ಜಿದ್ದಳು.
ಅಚ್ಚಿನ ನಗು. ಅರ್ಧ ಹೋಗಿತ್ತು,
ಅರ್ಧ ಇತ್ತು.